ದುಬಾರಿ ಡ್ಯಾಕ್‌ಗೆ ಕೈಹಾಕುವ ಮೊದಲು
ಕಂಪ್ಯೂಟರಿನಲ್ಲಿ ಹಾಡು ಇಂಪಾಗಿ ಕೇಳಬೇಕೆಂದು ದುಬಾರಿ ಡ್ಯಾಕ್ (ಡಿಜಿಟಲ್ ದನಿಯನ್ನು ಅನಲಾಗ್ ಸಂಕೇತವಾಗಿಸುವ ಸಾಧನ) ಕೊಳ್ಳುವ ಮೊದಲು ಸ್ವಲ್ಪ ತಾಳಿ. ಸಿ.ಡಿ.ಯ 16 ಬಿಟ್ ದನಿಗೆ ಬೇಕಿರುವುದು ಸುಮಾರು 96 ಡೆಸಿಬೆಲ್ ಹರವು. ಆ್ಯಪಲ್‌ನ ಪುಟ್ಟ ಯುಎಸ್‌ಬಿ-ಸಿ ಹೆಡ್‌ಫೋನ್ ಡಾಂಗಲ್‌ನೊಳಗಿನ ಡ್ಯಾಕ್ ಕೂಡ ಅದರ ಆಸುಪಾಸಿಗೆ ಬರುತ್ತದೆ. ಮೌಸ್ ಅಲುಗಾಡಿಸಿದಾಗಲೆಲ್ಲ ಹೆಡ್‌ಫೋನಿನಲ್ಲಿ ಕಿರ್ ಎಂದರೆ ಮದರ್‌ಬೋರ್ಡಿನ ವಿದ್ಯುತ್ ಗದ್ದಲ ಸೋರುತ್ತಿದೆ ಎಂದರ್ಥ. ಆಗ ಹೊರಗಿನ ಡ್ಯಾಕ್ ನಿಜಕ್ಕೂ ಬೇಕು, ಅಗ್ಗದ್ದೇ ಸಾಕು. ‘ದುಬಾರಿಯದರ ಸೊಗಸು ಕಿವಿಗೇ ಗೊತ್ತಾಗುತ್ತದಲ್ಲ?’ ಎನ್ನಬಹುದು. ಬಹಳ ಸಲ ಗೊತ್ತಾಗುವುದು ದನಿಯ ಮಟ್ಟ ಮಾತ್ರ. ಮೇಜಿನ ಮೇಲಿಡುವ ಡ್ಯಾಕ್‌ಗಳು ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ, ಆ ಡಾಂಗಲ್ ಹೆಚ್ಚೆಂದರೆ ಸುಮಾರು 1. ಅಷ್ಟಕ್ಕೇ 6 ಡೆಸಿಬೆಲ್ ಏರಿತು. ಜೋರಾದದ್ದು ನಮ್ಮ ಕಿವಿಗೆ ಚೆಂದವೆನಿಸುತ್ತದೆ. ಮಟ್ಟ ಸರಿಸಮ ಮಾಡಿ, ಯಾವುದು ನುಡಿಯುತ್ತಿದೆ ಎಂದು ನೋಡದೆ ಕೇಳಿ. ಇನ್ನು ಸೆನ್‌ಹೈಸರ್ ಎಚ್‌ಡಿ 600ರಂಥ 300 ಓಮ್ ಹೆಡ್‌ಫೋನ್ ಇದ್ದವರಿಗೆ ಕೊರತೆ ಬೀಳುವುದು ಆಂಪ್ಲಿಫೈಯರಿನದು, ಡ್ಯಾಕಿನದಲ್ಲ.