ಭಾವನ ಮಗನ ಐ5 ಗೆದ್ದದ್ದೇಕೆ?

ಪ್ರಶ್ನೆ: ನಾವು ಅಂಧೇರಿ ಪೂರ್ವದಲ್ಲಿದ್ದೇವೆ. ಯಜಮಾನರು ಹೋಟೆಲಿನಲ್ಲಿ ಕ್ಯಾಶಿಯರ್. ಬಿ.ಎಸ್ಸಿ. ಐಟಿಗೆ ಸೇರಿದ ಮಗಳಿಗೆಂದು ಲ್ಯಾಮಿಂಗ್ಟನ್ ರಸ್ತೆಯಿಂದ 19,000 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದರು. ಬಿಲ್ಲಿನಲ್ಲಿ ಐ7-6600ಯು, 8 ಜಿಬಿ ರ‍್ಯಾಮ್ ಎಂದಿದೆ. ಹತ್ತು ದಿನದ ಟೆಸ್ಟಿಂಗ್ ವಾರಂಟಿಯಲ್ಲಿ ಆರು ದಿನ ಕಳೆಯಿತು. ಭಾವನ ಮಗ ಚಿಪ್‌ನ ವೇಗ ಅಳೆಯುವ ಸಿನಿಬೆಂಚ್ ಓಡಿಸಿ ನೋಡಿ, ತನ್ನ ಐ5-8250ಯುಗೆ ಎಷ್ಟೋ ಹೆಚ್ಚು ಅಂಕ ಬರುತ್ತದೆ, ಚಿಕ್ಕಪ್ಪ ಟೋಪಿ ಹಾಕಿಸಿಕೊಂಡರು ಎಂದು ನಕ್ಕ. ಅಂದಿನಿಂದ ಇವರಿಗೆ ಊಟ ಸೇರುತ್ತಿಲ್ಲ.

ಉತ್ತರ: ಮೊದಲು ಅವರನ್ನು ಊಟಕ್ಕೆ ಕೂರಿಸಿ. ಆ ಅಂಕದಲ್ಲಿ ಮೋಸವೇನೂ ಕಾಣುವುದಿಲ್ಲ. ಐ7-6600ಯು 2015ರ ಚಿಪ್, ಅದರಲ್ಲಿರುವುದು ಎರಡು ಕೋರ್. ಹುಡುಗನ ಐ5 2017ರದ್ದು, ನಾಲ್ಕು ಕೋರ್. ಇಬ್ಬರು ಹೊರುವ ಮೂಟೆಯನ್ನು ನಾಲ್ವರು ಹೊತ್ತರೆ ಬೇಗ ಮುಗಿಯುತ್ತದೆ, ಅಷ್ಟೇ. 'ಐ7' ಎಂಬ ಹೆಸರಿಗೆ ಮರುಳಾಗುವವರು ನಮ್ಮಲ್ಲಿ ಬಹಳ. ಅದರ ಮುಂದಿನ ಅಂಕಿಯನ್ನು ಓದುವವರು ಕಡಿಮೆ.

ಹೋಲಿಸಬೇಕಾದದ್ದು ಇನ್ನೊಂದು 6600ಯು ಜೊತೆಗೆ. ಅದೂ ಚಾರ್ಜರ್ ಸಿಕ್ಕಿಸಿ, ಬೇರೆಲ್ಲ ಕಿಟಕಿ ಮುಚ್ಚಿ, ಹತ್ತು ನಿಮಿಷ ಬಿಡದೆ ಓಡಿಸಿ. ಆಗ ಪಕ್ಕದಲ್ಲಿ ಚಿಪ್‌ನ ಶಾಖ ತೋರಿಸುವ ಎಚ್‌ಡಬ್ಲ್ಯು ಮಾನಿಟರ್ ತೆರೆದಿರಲಿ. ಶಾಖ ನೂರು ಡಿಗ್ರಿಯ ಹತ್ತಿರ ಹೋಗಿ ವೇಗ ಕುಸಿದರೆ ಒಳಗಿನ ಫ್ಯಾನಿನಲ್ಲಿ ಧೂಳು ಕಟ್ಟಿರಬಹುದು, ಥರ್ಮಲ್ ಪೇಸ್ಟ್ ಒಣಗಿರಬಹುದು. ಅಂಗಡಿಯವರೇ ಶುಚಿ ಮಾಡಿಕೊಡಲಿ.

ನನಗೆ ಅಂಕಕ್ಕಿಂತ ಡಿಸ್ಕಿನದೇ ಚಿಂತೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಜಪಾನಿನ ಉಚಿತ ತಂತ್ರಾಂಶ ಹಾಕಿಸಿ. ನೀಲಿ ಬಣ್ಣ ಬಂದರೆ ಸರಿ, ಹಳದಿ ಎಂದರೆ ಎಚ್ಚರಿಕೆ, ಕೆಂಪಾದರೆ ಮಾತೇ ಬೇಡ, ಮರಳಿಸಿ. ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂಬುದೂ ಅಲ್ಲೇ ಇರುತ್ತದೆ. ಆಫೀಸಿನಲ್ಲಿ ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ಎಂದರೂ 2,400 ಗಂಟೆ. 'ಒಂದೇ ವರ್ಷ ಬಳಸಿದ್ದು' ಎಂದವನ ಡಿಸ್ಕ್ 15,000 ತೋರಿಸಿದರೆ ಲೆಕ್ಕ ನೀವೇ ಹಾಕಿ. ಸಿಪಿಯು-ಝಡ್‌ನಲ್ಲಿ ಚಿಪ್‌ನ ಪೂರ್ತಿ ಹೆಸರು, ರ‍್ಯಾಮ್ ಎಷ್ಟು ಎಂಬುದು ಬರುತ್ತದೆ. ಬಿಲ್ಲಿನ ಜೊತೆ ತಾಳೆ ನೋಡಿ. ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಮಲಗುವಾಗ ಓಡಿಸಿಟ್ಟರಾಯಿತು. ಒಂದೇ ಒಂದು ದೋಷ ಕಂಡರೂ ಅದು ದೋಷವೇ. ಬ್ಯಾಟರಿಗೆ ವಿಂಡೋಸ್ ಒಳಗೇ ಬ್ಯಾಟರಿ ರಿಪೋರ್ಟ್ ಇದೆ, ಮಗಳು ತೆಗೆಯಬಲ್ಲಳು. ಮೂಲ ಸಾಮರ್ಥ್ಯದ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಬದಲಿಸಿಕೊಡಿ ಎಂದು ಕೇಳಿ.

ಇವೆಲ್ಲವನ್ನೂ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಉಚಿತ ತಂತ್ರಾಂಶ ಎಂದು ಹುಡುಕಿ ಸಿಕ್ಕಸಿಕ್ಕಲ್ಲಿ ಕೈಹಾಕಿದರೆ ಪರೀಕ್ಷೆಗೆ ಮುಂಚೆಯೇ ವೈರಸ್ ಬರುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪುವ ಇಂಟೆಲ್ ಚಿಪ್‌ಗಳು ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಶುರು. ನಿಮ್ಮದು ಆರನೆಯದು. ಇದನ್ನು ಅಂಗಡಿಯವರು ಹೇಳದೆ ಮಾರಿದ್ದರೆ ಅದು ನನಗೆ ಸರಿಕಾಣುವುದಿಲ್ಲ. ಮಗಳು ಲಿನಕ್ಸ್‌ಗೆ ಒಪ್ಪಿದರೆ ಓದಿಗೆ ಈ ಯಂತ್ರ ಸಾಕು. ಒಪ್ಪದಿದ್ದರೆ, ಒಂದೆರಡು ಸಾವಿರ ಹೆಚ್ಚು ಕೊಟ್ಟಾದರೂ ಎಂಟನೇ ತಲೆಮಾರಿನದಕ್ಕೆ ಬದಲಿಸಿಕೊಳ್ಳುವುದೇ ಮೇಲು. ಜಗಳ ಬೇಡ, ಪರದೆಯ ಚಿತ್ರಗಳನ್ನು ಮುದ್ರಿಸಿ ಮುಂದಿಡಿ. ಮಾತು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಉಳಿದಿರುವುದು ನಾಲ್ಕೇ ದಿನ. ಲ್ಯಾಮಿಂಗ್ಟನ್ ರಸ್ತೆಗೆ ಹತ್ತಿರದ ಗ್ರ್ಯಾಂಟ್ ರೋಡ್ ನಿಲ್ದಾಣಕ್ಕೆ ಸ್ಲೋ ಲೋಕಲ್ ಹಿಡಿಯಿರಿ, ಬಿಲ್ಲು ಮರೆಯಬೇಡಿ. ಭಾನುವಾರ ಅಲ್ಲಿ ಬಹಳಷ್ಟು ಅಂಗಡಿಗಳಿಗೆ ರಜೆ.