ಊರ ದಾರಿ ಕಾಯುವವರಿಗೆ ಆರು ಸೂತ್ರಗಳು

ಬಂಡಿದಾರಿ ಒಂದೇ ದಿನಕ್ಕೆ ಮಾಯವಾಗುವುದಿಲ್ಲ. ಈ ವರ್ಷ ಉಳುವಾಗ ನೇಗಿಲು ಒಂದು ಸಾಲು ದಾರಿಗೆ ಇಳಿಯುತ್ತದೆ, ಮುಂದಿನ ವರ್ಷ ಇನ್ನೊಂದು ಸಾಲು. ಹತ್ತು ಮುಂಗಾರು ಕಳೆಯುವಷ್ಟರಲ್ಲಿ ಟ್ರ್ಯಾಕ್ಟರ್ ಓಡಾಡುತ್ತಿದ್ದ ಕಡೆ ಬೈಕು ತಿರುಗಿಸಲೂ ಜಾಗವಿರುವುದಿಲ್ಲ. ರಾಗಿ ಹೊರೆ ತಲೆಯ ಮೇಲೆ ಬರಬೇಕು. ತೋಟದ ಮನೆಯಲ್ಲಿ ಹಾವು ಕಚ್ಚಿಸಿಕೊಂಡವರನ್ನು 108 ಆಂಬುಲೆನ್ಸ್ ನಿಂತಿರುವ ಟಾರು ರಸ್ತೆಯವರೆಗೆ ಹೊತ್ತು ತರಬೇಕು. ದಾರಿ ಮತ್ತು ಜೀವರಕ್ಷಣೆ ಬೇರೆ ಬೇರೆ ವಿಷಯಗಳಲ್ಲ.

1. ನಕಾಶೆ ಕೈಯಲ್ಲಿರಲಿ. "ನಮ್ಮ ತಾತನ ಕಾಲದಿಂದ ದಾರಿ ಇತ್ತು" ಎಂಬ ಮಾತಿಗಿಂತ ಕಂದಾಯ ಇಲಾಖೆಯ ಗ್ರಾಮ ನಕಾಶೆಗೆ ತೂಕ ಹೆಚ್ಚು. ಅದರಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆಗೆರೆಗಳಲ್ಲಿ ಗುರುತಿಸಿರುತ್ತಾರೆ. ದಾರಿ ಯಾವ ಸರ್ವೆ ನಂಬರುಗಳ ನಡುವೆ ಹಾಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ತಹಶೀಲ್ದಾರರಿಗೆ ಕೊಡುವ ಅರ್ಜಿಯ ಮೊದಲ ಸಾಲು ಅದೇ ಆಗಬೇಕು.

2. ನಕಾಶೆಯಲ್ಲಿಲ್ಲದ ದಾರಿಗೂ ಹಕ್ಕುಂಟು. 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ನಡೆದಾಡಿದ ದಾರಿಯನ್ನು 1882ರ ಅನುಭೋಗ ಕಾಯ್ದೆಯಡಿ ಸಿವಿಲ್ ನ್ಯಾಯಾಲಯದಲ್ಲಿ ಕೇಳಬಹುದು. ಆದರೆ ಬೇಲಿ ಬಿದ್ದ ಮೇಲೆ ವರ್ಷಗಟ್ಟಲೆ ಸುಮ್ಮನಿದ್ದರೆ ಹಕ್ಕು ಸಡಿಲವಾಗುತ್ತದೆ. ಬೇಗ ವಕೀಲರನ್ನು ಕಾಣಿ.

3. ದೂರಿಗಿಂತ ಮೊದಲು ದಾರಿ ಒತ್ತಿದವರ ಮನೆ ಬಾಗಿಲಿಗೆ ಹೋಗಿ. ಹಿರಿಯರಿಬ್ಬರು ಜೊತೆಗಿರಲಿ. ಬಿತ್ತನೆಯಾದ ಮೇಲಲ್ಲ, ಕೊಯ್ಲು ಮುಗಿದು ಹೊಲ ಖಾಲಿ ಇರುವಾಗ ಹೋಗಿ. ನಿಂತ ಬೆಳೆ ತುಳಿದು ಅಳತೆ ಮಾಡಿಸಿದರೆ ದಾರಿ ಸಿಕ್ಕರೂ ನೆರೆಹೊರೆ ಕೆಡುತ್ತದೆ.

4. ಗ್ರಾಮಸಭೆಯಲ್ಲಿ ಹೇಳಿದ್ದು ನಡಾವಳಿಗೆ ಬರಲಿ. ಆರು ತಿಂಗಳಿಗೊಮ್ಮೆಯಾದರೂ ಸಭೆ ನಡೆಯಲೇಬೇಕು. ಅಲ್ಲಿ ಜೋರಾಗಿ ಮಾತಾಡಿ ಚಪ್ಪಾಳೆ ಗಿಟ್ಟಿಸುವವರು ಬಹಳ. ನಡಾವಳಿ ಪುಸ್ತಕದಲ್ಲಿ ಆ ಮಾತು ಸೇರಿತೇ ಎಂದು ನೋಡುವವರು ಕಡಿಮೆ. ಪಿಡಿಒ ಬರೆಯುವವರೆಗೂ ಕುರ್ಚಿ ಬಿಟ್ಟು ಏಳಬೇಡಿ. ಮುಂದೆ ಕೆಲಸ ಆಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಆ ನಡಾವಳಿಯ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

5. ಬೀದಿದೀಪದ ದೂರಿಗೆ ಕಂಬದ ಗುರುತು ಕೊಡಿ. "ನಮ್ಮ ಬೀದಿಯಲ್ಲಿ ಕತ್ತಲೆ" ಎಂದರೆ ಯಾರೂ ಬರುವುದಿಲ್ಲ. ಯಾರ ಮನೆ ಎದುರಿನ ಕಂಬ, ಎಂದಿನಿಂದ ಕೆಟ್ಟಿದೆ ಎಂದು ಬರೆದು ಸ್ವೀಕೃತಿ ಪಡೆಯಿರಿ. ತಂತಿ ಜೋತುಬಿದ್ದಿದ್ದರೆ ಪಂಚಾಯಿತಿಗಾಗಿ ಕಾದು ಕೂರದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ.

6. ಬತ್ತಿದ ಕೊಳವೆಬಾವಿಗಳ ಲೆಕ್ಕ ಊರಿನ ಬಳಿಯೇ ಇರಲಿ. ಉಳಿದ ಐದನ್ನು ಮರೆತರೂ ಇದನ್ನು ಮರೆಯಬೇಡಿ. ನೀರು ಬರಲಿಲ್ಲವೆಂದು ಕೇಸಿಂಗ್ ಪೈಪ್ ಕಿತ್ತು, ಬಾಯಿಗೆ ಗೋಣಿಚೀಲ ಹೊದಿಸಿ, ಮೇಲೊಂದು ಕಲ್ಲಿಟ್ಟು ಹೋಗುತ್ತಾರೆ. ಗೋಣಿ ಎರಡು ಮಳೆಗೆ ಕೊಳೆಯುತ್ತದೆ. ಕಲ್ಲನ್ನು ಬದು ಕಟ್ಟಲು ಯಾರೋ ಒಯ್ಯುತ್ತಾರೆ. ಸುತ್ತ ಹುಲ್ಲು ಬೆಳೆದರೆ ದೊಡ್ಡವರಿಗೂ ಗುಂಡಿ ಕಾಣದು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ, ಎರಡು ವರ್ಷ ತುಂಬದ ಕಂದ ಸುಮಾರು 20 ಗಂಟೆಗಳ ಬಳಿಕ ಜೀವಂತ ಮೇಲೆ ಬಂದಿತು. ಅದಕ್ಕೂ ಮುಂಚೆ, 2014ರಲ್ಲಿ ಬಾಗಲಕೋಟೆಯ ಸೂಳಿಕೇರಿಯಲ್ಲಿ ಬಿದ್ದ ಬಾಲಕ ಉಳಿಯಲಿಲ್ಲ.

ಬಿಟ್ಟ ಕೊಳವೆಬಾವಿಯನ್ನು ಜೇಡಿಮಣ್ಣು, ಮರಳು, ಕಲ್ಲುಗಳಿಂದ ನೆಲಮಟ್ಟದವರೆಗೆ ತುಂಬಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹಳ್ಳಿಯಲ್ಲಿ ಇದರ ಮೇಲ್ವಿಚಾರಣೆಯನ್ನು ಗ್ರಾಮದ ಮುಖ್ಯಸ್ಥರಿಗೂ ಕೃಷಿ ಇಲಾಖೆಯ ಅಧಿಕಾರಿಗೂ ವಹಿಸಿದೆ. ಬೇಸಿಗೆಯಲ್ಲಿ ಹುಲ್ಲು ಒಣಗಿರುವಾಗ ಪಂಚಾಯಿತಿ ಸದಸ್ಯರು, ಯುವಕರು ಸೇರಿ ಒಂದು ಭಾನುವಾರ ಹೊಲ ಸುತ್ತಲಿ. ತೆರೆದ ಬಾಯಿ ಕಂಡಲ್ಲಿ ಫೋಟೊ, ಸರ್ವೆ ನಂಬರ್, ಮಾಲೀಕರ ಹೆಸರು ಬರೆದುಕೊಳ್ಳಲಿ. ಒಂದು ಟ್ರೈಲರ್ ಮಣ್ಣು ಅಂದೇ ಜೊತೆಯಲ್ಲಿರಲಿ.