ಕಿಟಕಿ ಕೊಳ್ಳುವ ಮುನ್ನ ಗಾಳಿಯ ಲೆಕ್ಕ

ಬೆಂಗಳೂರಿನ ಶ್ರೀಗಂಧದ ಕಾವಲ್‌ನಲ್ಲಿ ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟುತ್ತಿರುವವರು ಯುಪಿವಿಸಿ ಅಥವಾ ಅಲ್ಯೂಮಿನಿಯಂ ಕಿಟಕಿಗೆ ಕೊಟೇಶನ್ ತರಿಸಿದರೆ, ಚದರಡಿ ದರದ ಕೆಳಗೆ ಇನ್ನೊಂದು ಸಾಲೂ ಇರುತ್ತದೆ: ‘ವಿಂಡ್ ಲೋಡ್ ಕ್ಲಾಸ್ ಸಿ3’, ‘1600 ಪಾಸ್ಕಲ್’, ಇಲ್ಲವೇ ‘200 ಕಿ.ಮೀ. ವೇಗದ ಗಾಳಿಗೂ ಭದ್ರ’. ದರವನ್ನು ಚೌಕಾಸಿ ಮಾಡುವ ನಾವು ಈ ಸಾಲನ್ನು ಓದುವುದೇ ಇಲ್ಲ. ಓದಲೇಬೇಕು. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆ ಸುರಿದು ಜೂನ್ ತಿಂಗಳ 133 ವರ್ಷಗಳ ದಾಖಲೆ ಮುರಿಯಿತು. ಅಂದಿನ ಗಾಳಿ–ಮಳೆಗೆ ನಗರದಲ್ಲಿ ನೂರಾರು ಮರಗಳು ಉರುಳಿದವು. ಏಪ್ರಿಲ್, ಮೇ ಸಂಜೆಗಳ ಬಿರುಗಾಳಿ ಯಾವ ದಿಕ್ಕಿನಿಂದಾದರೂ ನುಗ್ಗುತ್ತದೆ. ಆಷಾಢದ ಗಾಳಿಯಾದರೋ ಪಡುವಣದಿಂದ ವಾರಗಟ್ಟಲೆ ತಳ್ಳುತ್ತಲೇ ಇರುತ್ತದೆ. ಎರಡನ್ನೂ ತಡೆಯಬೇಕಾದದ್ದು ಅದೇ ಕಿಟಕಿ.

ಮೊದಲು, ನಿಮ್ಮ ಮನೆಗೆ ಬೀಳುವ ಒತ್ತಡ ಎಷ್ಟು?

ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ನಮ್ಮ ದೇಶದಲ್ಲಿ ಐಎಸ್ 875ರ ಮೂರನೇ ಭಾಗ (2015) ಆಧಾರ. ಅದು ದೇಶವನ್ನು ಸೆಕೆಂಡಿಗೆ 33 ಮೀಟರ್‌ನಿಂದ 55 ಮೀಟರ್‌ವರೆಗಿನ ಆರು ಗಾಳಿ ವಲಯಗಳಾಗಿ ವಿಂಗಡಿಸಿದೆ. ಬೆಂಗಳೂರು ಕನಿಷ್ಠ ವಲಯದಲ್ಲಿದೆ: 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಇದು ದಿನನಿತ್ಯದ ಗಾಳಿಯಲ್ಲ. ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, 50 ವರ್ಷಕ್ಕೊಮ್ಮೆ ನಿರೀಕ್ಷಿಸಬಹುದಾದ ಮೂರು ಸೆಕೆಂಡಿನ ಬೀಸು.

ವೇಗದಿಂದ ಒತ್ತಡ ಕಂಡುಹಿಡಿಯಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಸೆಕೆಂಡಿಗೆ ಮೀಟರ್ ಲೆಕ್ಕದ ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿದರೆ ಒತ್ತಡ ಪಾಸ್ಕಲ್‌ನಲ್ಲಿ ಸಿಗುತ್ತದೆ. 33 ಮೀಟರ್‌ಗೆ ಅದು 653 ಪಾಸ್ಕಲ್. ಮಂಗಳೂರಿನ 39 ಮೀಟರ್‌ಗೆ 913. ವೇಗ ಏರಿದ್ದು ಶೇ 18, ಒತ್ತಡ ಏರಿದ್ದು ಶೇ 40. ಕಂಪನಿ ಹೇಳುವ ಅಂಕಿ ಗಂಟೆಗೆ ಕಿ.ಮೀ.ನಲ್ಲಿದ್ದರೆ ಮೊದಲು 3.6ರಿಂದ ಭಾಗಿಸಿ. ‘200 ಕಿ.ಮೀ.’ ಎಂಬ ಮಾತು ಸುಮಾರು 1850 ಪಾಸ್ಕಲ್ ಆಗುತ್ತದೆ. ಅಷ್ಟಕ್ಕೆ ಪರೀಕ್ಷೆ ನಡೆದಿದೆಯೇ ಎಂದು ಆಗ ನೇರವಾಗಿ ಕೇಳಬಹುದು.

ಇನ್ನು ಮನೆಯ ಸುತ್ತಮುತ್ತ ನೋಡಿ. ಸುಂಕದಕಟ್ಟೆ ಕಡೆಯಂತೆ ಮನೆಗೆ ಮನೆ ಒತ್ತಿಕೊಂಡ ಬೀದಿಯಾದರೆ 10 ಮೀಟರ್ ಎತ್ತರದಲ್ಲಿ ವೇಗ ಶೇ 9ರಷ್ಟು ಇಳಿಯುತ್ತದೆ; ಒತ್ತಡ 541 ಪಾಸ್ಕಲ್‌ಗೆ ಬರುತ್ತದೆ. ಹೇರೋಹಳ್ಳಿ ಕೆರೆಗೋ ಮಲ್ಲತ್ತಹಳ್ಳಿ ಕೆರೆಗೋ ಮುಖ ಮಾಡಿ ಎದುರಿಗೆ ಏನೂ ಅಡ್ಡವಿಲ್ಲದ ಮನೆಗೆ ಆ ರಿಯಾಯಿತಿ ಬೇಡ, 653 ಎಂದೇ ಹಿಡಿಯಿರಿ. ಬಯಲಿಗೆ ತೆರೆದ ಬಹುಮಹಡಿ ಅಪಾರ್ಟ್‌ಮೆಂಟಿನ 50 ಮೀಟರ್ ಎತ್ತರದಲ್ಲಿ ಇದೇ ಬೆಂಗಳೂರಿನ ಗಾಳಿ 894 ಪಾಸ್ಕಲ್ ಒತ್ತಡ ಹಾಕುತ್ತದೆ.

ಗಾಳಿ ತಳ್ಳುವುದು ಮಾತ್ರವಲ್ಲ, ಎಳೆಯುತ್ತದೆ ಕೂಡ. ಮನೆಯ ಮೂಲೆ ಸುತ್ತಿ ಹಾಯುವಾಗ ಪಕ್ಕದ ಗೋಡೆಯ ಕಿಟಕಿಯನ್ನು ಹೊರಕ್ಕೆ ಹೀರುತ್ತದೆ. ಒಳಗಿನ ಗಾಳಿಯೂ ಅದೇ ಹೊತ್ತಿಗೆ ಹೊರಕ್ಕೆ ಒತ್ತುತ್ತದೆ. ಆದ್ದರಿಂದ ಮೂಲೆಗೆ ಹತ್ತಿರದ ಕಿಟಕಿಗೆ ಮೇಲಿನ ಅಂಕಿಯನ್ನು 1.4ರಿಂದ ಗುಣಿಸಿಕೊಂಡರೆ ಕ್ಷೇಮ. ಒತ್ತಾದ ಬೀದಿಯ ಮನೆಗೆ 757, ಕೆರೆಯಂಚಿನ ಮನೆಗೆ 915, ಎತ್ತರದ ಅಪಾರ್ಟ್‌ಮೆಂಟಿಗೆ 1252 ಪಾಸ್ಕಲ್. ಬಹುಮಹಡಿ ಕಟ್ಟಡಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಮಾಡಿದ ಪೂರ್ಣ ಲೆಕ್ಕವೇ ಬೇಕು. ಮೂರು ಅಂತಸ್ತಿನ ಮನೆಗೆ ಅಂಗಡಿಯಲ್ಲಿ ಮಾತಾಡಲು ಇಷ್ಟು ಸಾಕು.

ಎರಡನೆಯದು, ‘ಸಿ3’ ಎಂದರೆ ಏನು?

ನಮ್ಮಲ್ಲಿ ಮಾರುವ ಬಹುತೇಕ ಸಿಸ್ಟಂ ಕಿಟಕಿಗಳು ಹೇಳುವುದು ಯುರೋಪಿನ ಇಎನ್ 12210 ಮಾನದಂಡದ ದರ್ಜೆ. ಅಂಕಿ ಒತ್ತಡಕ್ಕೆ, ಅಕ್ಷರ ಬಾಗುವಿಕೆಗೆ. 1ನೇ ದರ್ಜೆಗೆ 400 ಪಾಸ್ಕಲ್, 2ಕ್ಕೆ 800, 3ಕ್ಕೆ 1200, 4ಕ್ಕೆ 1600, 5ಕ್ಕೆ 2000. ಆ ಒತ್ತಡದಲ್ಲಿ ಚೌಕಟ್ಟಿನ ಪಟ್ಟಿ ತನ್ನ ಉದ್ದದ 150ನೇ ಒಂದು ಭಾಗದೊಳಗೆ ಬಾಗಿದರೆ ‘ಎ’, 200ನೇ ಒಂದು ಭಾಗದೊಳಗಾದರೆ ‘ಬಿ’, 300ನೇ ಒಂದು ಭಾಗದೊಳಗಾದರೆ ‘ಸಿ’. ಏಳಡಿ ಬಾಲ್ಕನಿ ಬಾಗಿಲಿನ ನಡುಪಟ್ಟಿ ‘ಎ’ಯಲ್ಲಿ 14 ಮಿ.ಮೀ.ವರೆಗೆ, ‘ಸಿ’ಯಲ್ಲಿ 7 ಮಿ.ಮೀ.ವರೆಗೆ ಬಾಗಬಹುದು. ಹೀಗೆ ಬಾಗಿದ ಸಂದಿನಿಂದಲೂ ಮಳೆನೀರು ಒಳಬರುತ್ತದೆ. ಆಮೇಲೆ ಅರ್ಧ ಒತ್ತಡವನ್ನು 50 ಸಲ ಹಾಕಿ ತೆಗೆಯುತ್ತಾರೆ, ಕೊನೆಗೆ ಒಂದೂವರೆ ಪಟ್ಟು ಹಾಕಿ ಕಿಟಕಿ ಕಿತ್ತುಬರದೆ ನಿಲ್ಲುವುದೇ ಎಂದು ನೋಡುತ್ತಾರೆ.

ನಮ್ಮ ಲೆಕ್ಕದ ಪಕ್ಕಕ್ಕೆ ಇದನ್ನಿಟ್ಟರೆ ಬೀದಿಯ ಒಳಗಿನ ಮನೆಗೆ 2ನೇ ದರ್ಜೆ ಅಂಚಿನಲ್ಲಿ ಸಾಕಾಗುತ್ತದೆ, ಕೆರೆ ಎದುರಿನದಕ್ಕೆ 3, ಎತ್ತರದ ಅಪಾರ್ಟ್‌ಮೆಂಟಿಗೆ 4. ಬೆಂಗಳೂರಿನ ಸಾಮಾನ್ಯ ಮನೆಗೆ 5ನೇ ದರ್ಜೆಯೆಂದು ಹೆಚ್ಚು ಹಣ ತೆರುವ ಅಗತ್ಯ ನನಗೆ ಕಾಣುವುದಿಲ್ಲ. ಕೆಲವು ಪತ್ರಗಳಲ್ಲಿ ‘9ಎ’ ಎಂದೂ ಇರುತ್ತದೆ. ಅದು ನೀರು ಸೋರಿಕೆಯ ದರ್ಜೆ, ಗಾಳಿಯದಲ್ಲ.

ಮೂರನೆಯದು, ಅಳತೆ ಕೇಳಿ

ಇದು ಎಲ್ಲಕ್ಕಿಂತ ಮುಖ್ಯ. ದರ್ಜೆ ಸಿಗುವುದು ಕಂಪನಿಗಲ್ಲ, ಪ್ರೊಫೈಲಿಗೂ ಅಲ್ಲ. ಪರೀಕ್ಷೆಗಿಟ್ಟ ಆ ಒಂದು ಇಡೀ ಕಿಟಕಿಗೆ, ಅದರ ಅಳತೆ, ಗಾಜು, ಲಾಕ್ ಸಮೇತ. ಐದಡಿ ಎತ್ತರದ ಕಿಟಕಿಗೆ ‘ಸಿ3’ ಬಂದಿದ್ದರೆ ನಿಮ್ಮ ಏಳಡಿ ಬಾಗಿಲಿಗೆ ಆ ಮಾತು ಹೊಂದುವುದಿಲ್ಲ. ಅಗಲ, ಪಟ್ಟಿ, ಒತ್ತಡ ಒಂದೇ ಆಗಿದ್ದರೂ ಎತ್ತರ ಐದರಿಂದ ಏಳಡಿಗೆ ಏರಿದಾಗ ಪಟ್ಟಿ ಬಾಗುವುದು ಸುಮಾರು ನಾಲ್ಕು ಪಟ್ಟು. ಹಾಗಾಗಿ ಬ್ರೋಷರ್ ಬೇಡ, ಟೆಸ್ಟ್ ರಿಪೋರ್ಟ್ ತೋರಿಸಿ ಎನ್ನಿ. ಅದರಲ್ಲಿ ಪರೀಕ್ಷಿಸಿದ ಅಳತೆ ನಿಮ್ಮದಕ್ಕಿಂತ ಚಿಕ್ಕದಿದ್ದರೆ ನಿಮ್ಮ ಅಳತೆಗೆ ಮಾಡಿದ ಲೆಕ್ಕವನ್ನು ಬರಹದಲ್ಲಿ ಪಡೆಯಿರಿ. ಹಳೆಯ ಮರದ ಕಿಟಕಿಗಳಿಗೆ ಯಾವ ದರ್ಜೆಯೂ ಇರಲಿಲ್ಲ, ಆದರೂ ಗಾಳಿಗೆ ಜಗ್ಗುತ್ತಿರಲಿಲ್ಲ. ರೆಕ್ಕೆಗಳು ಕಿರಿದಾಗಿದ್ದವು, ಅಷ್ಟೆ. ಈಗ ಹಾಲ್‌ಗೆ ಎಂಟಡಿ ಅಗಲ, ಏಳಡಿ ಎತ್ತರದ ಸ್ಲೈಡಿಂಗ್ ಬಾಗಿಲು ಬೇಕೆನ್ನುತ್ತೇವೆ. 541 ಪಾಸ್ಕಲ್‌ನಲ್ಲೇ ಅದರ ಮೇಲೆ ಬೀಳುವ ಹೊರೆ 280 ಕಿಲೋ ದಾಟುತ್ತದೆ.

ಬಿಡಿಭಾಗಗಳ ತಪಾಸಣೆ

ಯುಪಿವಿಸಿ ಪಟ್ಟಿಗೆ ಬಲ ಬರುವುದು ಒಳಗೆ ಸೇರಿಸುವ ಜಿ.ಐ. ಉಕ್ಕಿನಿಂದ. ಫ್ಯಾಕ್ಟರಿಯಲ್ಲಿ ಕತ್ತರಿಸಿದ ತುಂಡು ತರಿಸಿ ಉಕ್ಕಿನ ದಪ್ಪ ನೋಡಿ. ಕಿಟಕಿ ಬಂದ ಮೇಲೆ ಬಲವಾದ ಅಯಸ್ಕಾಂತವನ್ನು ಪಟ್ಟಿಯುದ್ದಕ್ಕೂ ಎಳೆದರೆ ಉಕ್ಕು ಎಲ್ಲಿ ಇಲ್ಲವೆಂದು ತಿಳಿಯುತ್ತದೆ. ಗಾಜಿನ ಬಗ್ಗೆ ಒಂದು ತಪ್ಪು ನಂಬಿಕೆಯಿದೆ. ಟಫನ್ಡ್ ಗಾಜು ಸುಲಭಕ್ಕೆ ಒಡೆಯುವುದಿಲ್ಲ ನಿಜ, ಆದರೆ ಅಷ್ಟೇ ದಪ್ಪದ ಸಾದಾ ಗಾಜಿನಷ್ಟೇ ಬಾಗುತ್ತದೆ. ಬಾಗುವುದು ಕಡಿಮೆಯಾಗಬೇಕಾದರೆ ದಪ್ಪ ಹೆಚ್ಚಬೇಕು. ಮೇಲಿನ ಮಹಡಿಗಳಿಗೆ, ಒಡೆದರೂ ಚೂರುಗಳು ಕೆಳಗೆ ಬೀಳದಂತೆ ಹಿಡಿದಿಡುವ ಲ್ಯಾಮಿನೇಟೆಡ್ ಗಾಜು ಒಳ್ಳೆಯದು. ಎತ್ತರದ ಬಾಗಿಲಿಗೆ ಒಂದೇ ಚಿಲಕ ಸಾಲದು, ಮೇಲೆ–ನಡುವೆ–ಕೆಳಗೆ ಕಚ್ಚುವ ಮಲ್ಟಿಪಾಯಿಂಟ್ ಲಾಕ್ ಇರಲಿ.

ಗೋಡೆಗೆ ಕೂರಿಸುವಾಗ ನಿಂತು ನೋಡಿ

1600 ಪಾಸ್ಕಲ್ ತಾಳುವ ಕಿಟಕಿಯೂ ನಾಲ್ಕು ಸ್ಕ್ರೂ ಮೇಲೆ ನಿಂತಿದ್ದರೆ ಚೌಕಟ್ಟಿನ ಸಮೇತ ಬರುತ್ತದೆ. ಪ್ರತಿ ಮೂಲೆಯಿಂದ ಅರ್ಧ–ಮುಕ್ಕಾಲು ಅಡಿಗೆ ಒಂದು, ನಡುವೆ ಎರಡಡಿಗೊಂದರಂತೆ ಆಂಕರ್ ಫಾಸ್ಟನರ್ ಬೇಕು. ಗೋಡೆ ಹಾಲೋ ಬ್ಲಾಕಿನದಾದರೆ ಸ್ಕ್ರೂ ಟೊಳ್ಳಿಗೆ ಹೋಗಿ ಹಿಡಿತವೇ ಸಿಗುವುದಿಲ್ಲ. ಕಿಟಕಿಯ ಅಕ್ಕಪಕ್ಕದ ಬ್ಲಾಕುಗಳಿಗೆ ಮೊದಲೇ ಕಾಂಕ್ರೀಟ್ ತುಂಬಿಸಲು ಮೇಸ್ತ್ರಿಗೆ ಹೇಳಿ. ಪಿಯು ಫೋಮ್ ಮತ್ತು ಸಿಲಿಕಾನ್ ಸಂದು ಮುಚ್ಚಲಿಕ್ಕೆ ಮಾತ್ರ, ಚೌಕಟ್ಟು ಹಿಡಿದು ನಿಲ್ಲಿಸಲಿಕ್ಕಲ್ಲ.

ಟೆರೇಸಿನ ಬಾಗಿಲನ್ನು ಮರೆಯಬೇಡಿ. ಹೆಚ್ಚಿನ ಮನೆಗಳಲ್ಲಿ ಅತಿ ಅಗ್ಗದ್ದು ಅದೇ, ಅತಿ ಎತ್ತರದಲ್ಲಿರುವುದೂ ಅದೇ. ಬಿರುಗಾಳಿಗೆ ಅದು ತೆರೆದುಕೊಂಡರೆ ಒಳನುಗ್ಗಿದ ಗಾಳಿ ಮನೆಯೊಳಗಿನ ಒತ್ತಡ ಏರಿಸುತ್ತದೆ. ಐಎಸ್ 875ರ ಲೆಕ್ಕದಲ್ಲಿ ಮುಚ್ಚಿದ ಮನೆಗೆ 0.2 ಇರುವ ಒಳಗಿನ ಗುಣಾಂಕ ದೊಡ್ಡ ತೆರವಿದ್ದರೆ 0.7ಕ್ಕೆ ಹೋಗುತ್ತದೆ. ಮೆಟ್ಟಿಲ ಮೇಲೆ ತಗಡಿನ ಶೀಟ್ ಹೊದೆಸಿದವರಿಗೆ ಮೊದಲ ಅಪಾಯ ಇದರಿಂದಲೇ. ಈ ಬಾಗಿಲಿಗೆ ಮೇಲೆ ಕೆಳಗೆ ಎರಡು ಟವರ್ ಬೋಲ್ಟ್, ತೆರೆದಾಗ ಬಡಿಯದಂತೆ ಒಂದು ಕೊಂಡಿ ಹಾಕಿಸಿ. ಕೊನೆಯ ಕಂತಿನ ಹಣ ಕೊಡುವ ಮುನ್ನ ಬಿಲ್ಲಿನಲ್ಲಿ ಪ್ರತಿ ಕಿಟಕಿಯ ಅಳತೆ, ಗಾಜಿನ ದಪ್ಪ, ಪಾಸ್ಕಲ್‌ನಲ್ಲಿ ಒತ್ತಡ, ಅಕ್ಷರ ಸಹಿತ ದರ್ಜೆ ಬರೆಸಿಕೊಳ್ಳಿ.